ತಿಜೋರಿಯಲ್ಲಿಟ್ಟ ಬಂದೂಕು ಮತ್ತು ಹೊಳೆಯ ನೀರು

ಬೆಳೆ ಕಾಯಲು ಪರವಾನೆ ಪಡೆದು ಬಂದೂಕು ಇಟ್ಟುಕೊಂಡಿರುವ ಒಕ್ಕಲಿಗರಿಗಾಗಿ ಈ ನಾಲ್ಕು ಮಾತು. ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ ಬೆಳೆ ರಕ್ಷಣೆಗೆಂದು ಪರವಾನೆ ಕೊಡುವ ಏರ್ಪಾಡು 1959ರ ಶಸ್ತ್ರ ಕಾಯಿದೆಯಲ್ಲಿಯೇ ಇದೆ. ಕಳ್ಳರಿಗೂ ಮಕ್ಕಳಿಗೂ ಸಿಗದಂತೆ ಅದನ್ನು ತಿಜೋರಿಯಲ್ಲಿಡುವುದು ಯೋಗ್ಯವೇ. ಆದರೆ ಕಳ್ಳನನ್ನು ತಡೆಯುವ ತಿಜೋರಿ ನೀರನ್ನು ತಡೆಯದು.

ತೇರಣಾ ಹೊಳೆ ಮಾಂಜರೆಯನ್ನು ಕೂಡುವುದು ನಮ್ಮ ಔರಾದ ಶಹಾಜನಿಯ ಹತ್ತಿರ. ಮೇಲೆ ಮಾಕಣಿಯಲ್ಲಿ ತೇರಣೆಗೂ ಧನೇಗಾಂವದಲ್ಲಿ ಮಾಂಜರೆಗೂ ಅಣೆಕಟ್ಟುಗಳಿವೆ. ಎರಡೂ ಹೊಳೆ ಒಮ್ಮೆಗೇ ತುಂಬಿದರೆ ನೀರು ಹಿಂದಕ್ಕೆ ಒತ್ತಿ ಹಳ್ಳಕೊಳ್ಳಗಳಿಗೆ ನುಗ್ಗುತ್ತದೆ. ಮರಾಠವಾಡವು 2021ರ ಸೆಪ್ಟೆಂಬರದಲ್ಲಿಯೂ 2025ರ ಸೆಪ್ಟೆಂಬರದಲ್ಲಿಯೂ ಮಹಾಪೂರ ಕಂಡಿತು. ಮಿರಗದಲ್ಲಿ ಬತ್ತಿದಂತಿರುವ ಹೊಳೆ ಉತ್ತರಿ, ಹಸ್ತ ಮಳೆಗೆ ಮನೆ ಬಾಗಿಲಿಗೆ ಬಂದೀತು.

ಬಾಗಿಲ ಸಂದು, ಕೀಲಿಯ ತೂತು, ಗೋಡೆಗೆ ಬಿಗಿದ ಬೋಲ್ಟಿನ ತೂತು, ಇವುಗಳಿಂದ ನೀರು ತಿಜೋರಿಯ ಒಳಗೆ ಸೇರುತ್ತದೆ. ಬೆಂಕಿ ತಡೆಯುವ ತಿಜೋರಿಯಾದರೆ ಎರಡು ತಗಡುಗಳ ನಡುವಿನ ತುಂಬಣವೂ ನೀರು ಹೀರುತ್ತದೆ. ಹೊಳೆ ಇಳಿದು ಅಂಗಳ ಒಣಗಿದರೂ ಮುಚ್ಚಿದ ಬಾಗಿಲ ಹಿಂದೆ ಹಸಿ ಗಾಳಿ ನಿಂತೇ ಇರುತ್ತದೆ. ಎರೆಮಣ್ಣಿನ ನುಣುಪು ಕೆಸರು ಕಬ್ಬಿಣಕ್ಕೆ ಹತ್ತಿ ತೇವವನ್ನು ಬಿಡುವುದಿಲ್ಲ. ಒಂದೆರಡು ದಿನದಲ್ಲಿಯೇ ತುಕ್ಕು ಹಿಡಿಯುತ್ತದೆ.

ಮಳೆಗಾಲಕ್ಕೆ ಮೊದಲು

ಹಿಂದಿನ ಪೂರದ ಗುರುತು ಗೋಡೆಯ ಮೇಲಿದ್ದರೆ ಅದಕ್ಕಿಂತ ಎರಡು ಮೊಳ ಎತ್ತರದಲ್ಲಿ ಬಂದೂಕಿನ ಕಪಾಟು ಇರಬೇಕು. ಮಣ್ಣಿನ ಗಾರೆಯ ಹಳೆಯ ಮಾಳಿಗೆ ಮನೆಗಳಲ್ಲಿ ಭಾರದ ತಿಜೋರಿಯನ್ನು ಅಟ್ಟಕ್ಕೇರಿಸಬಾರದು. ನೆನೆದ ಗೋಡೆ ಆ ಭಾರ ತಾಳದು. ಸಿಮೆಂಟಿನ ಗಟ್ಟಿ ಕಟ್ಟೆ ಕಟ್ಟಿ ಅದರ ಮೇಲಿಡುವುದು ಲೇಸು.

ಬಂದೂಕನ್ನು ಖಾಲಿ ಮಾಡಿ, ಒರೆಸಿ, ಯಂತ್ರದ ಎಣ್ಣೆಯ ತೆಳು ಲೇಪ ಕೊಟ್ಟು ಇಡಿರಿ. ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆ ಹಚ್ಚಬೇಡಿರಿ. ಅದು ಒಣಗಿ ಅಂಟಾಗಿ ಕೀಲುಗಳನ್ನು ಕಚ್ಚಿಸುತ್ತದೆ. ಬಟ್ಟೆಯ ಅಥವಾ ಚರ್ಮದ ಚೀಲ ತೇವ ಹಿಡಿಯುವುದರಿಂದ ಅದರಲ್ಲಿ ಬಹುಕಾಲ ಇಡಬಾರದು. ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು ಆಗಾಗ ಬದಲಿಸಿರಿ. ತೋಟೆ, ಮದ್ದುಗಳನ್ನು ಬಿಗಿ ಮುಚ್ಚಳದ ಬೇರೆ ಡಬ್ಬಿಯಲ್ಲಿ ಕೀಲಿ ಹಾಕಿಡಿರಿ. ಪರವಾನೆಯ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ನಿಮ್ಮ ಕೈಗೆ ಸಿಗುವಂತಿರಲಿ.

ಪೂರದ ಸುದ್ದಿ ಬಂದಾಗ

ಗಡಿಬಿಡಿಯಲ್ಲಿ ಬಂದೂಕನ್ನು ನೆರೆಯವರಿಗೋ ಬೀಗರಿಗೋ ಒಪ್ಪಿಸಿ ಹೋಗಬಾರದು. ಪರವಾನೆಯಿಲ್ಲದವರ ಕೈಯಲ್ಲಿ ಅದು ಸಿಕ್ಕರೆ ಇಬ್ಬರಿಗೂ ಅಪರಾಧದ ಗಂಟು ಬೀಳುತ್ತದೆ. ಚುನಾವಣೆಯ ಕಾಲಕ್ಕೆ ಠಾಣೆಯಲ್ಲಿ ಬಂದೂಕು ಇಡಿಸುವುದು ನಮಗೆಲ್ಲ ಗೊತ್ತು. ನದಿದಂಡೆಯವರು ಪೂರಕ್ಕೆ ಮೊದಲೇ ಠಾಣೆಯಲ್ಲಿಯೋ ಪರವಾನೆಯುಳ್ಳ ವ್ಯಾಪಾರಿಯಲ್ಲಿಯೋ ಇಡಲು ವಿಚಾರಿಸಿ, ಇಟ್ಟದ್ದಕ್ಕೆ ಪಾವತಿ ಪಡೆಯುವುದು ಒಳ್ಳೆಯದು. ನೀರು ಎದೆಮಟ್ಟ ಬಂದ ಮೇಲೆ ಬಂದೂಕಿಗಾಗಿ ಮನೆಯೊಳಗೆ ಹಿಂತಿರುಗಬೇಡಿರಿ. ಕಬ್ಬಿಣ ಮತ್ತೆ ಸಿಕ್ಕೀತು, ಜೀವ ಸಿಗದು.

ನೀರು ಇಳಿದ ಮೇಲೆ

ತಿಜೋರಿಯನ್ನು ಆದಷ್ಟು ಬೇಗ ತೆರೆದು ಗಾಳಿಯಾಡಿಸಿರಿ. ನೀರು ಕಂಡ ಬಂದೂಕನ್ನು ಪರೀಕ್ಷೆಗೆಂದು ಎಂದಿಗೂ ಹಾರಿಸಬಾರದು. ನಳಿಗೆಯಲ್ಲಿ ಕೆಸರು ಕಟ್ಟಿದ್ದರೆ ನಳಿಗೆಯೇ ಒಡೆದು ಕೈ, ಕಣ್ಣು ಹೋದೀತು. ಮದ್ದು ತುಂಬಿದ್ದೇ ನೆನೆದಿದ್ದರೆ ಅದನ್ನು ಮುಟ್ಟದೆ ಪರವಾನೆಯುಳ್ಳ ದುರಸ್ತಿಗಾರನಿಗೆ ಅಥವಾ ಠಾಣೆಗೆ ತಿಳಿಸಿರಿ.

ಖಾಲಿ ಬಂದೂಕಾದರೆ ಕೆಸರು ಒಣಗುವ ಮೊದಲೇ ಸ್ವಚ್ಛ ನೀರಿನಿಂದ ತೊಳೆದು, ಒಣ ಅರಿವೆಯಿಂದ ಒರೆಸಿ, ಎಣ್ಣೆ ಹಚ್ಚಿರಿ. ಕಟ್ಟಿಗೆಯ ಹಿಡಿ ನೆರಳಿನಲ್ಲಿ ಒಣಗಲಿ. ಬಿಸಿಲಿಗಿಟ್ಟರೆ ಸೊಟ್ಟಾಗಿ ಸೀಳುತ್ತದೆ. ಒಳಗಿನ ಕೀಲುಗಳನ್ನು ದುರಸ್ತಿಗಾರನೇ ಬಿಚ್ಚಿ ನೋಡಬೇಕು. ಅವನು ಸರಿಯೆಂದ ಮೇಲೆಯೇ ಮತ್ತೆ ಬಳಸಿರಿ.

ನೆನೆದ ತೋಟೆ, ಮದ್ದುಗಳನ್ನು ಬಿಸಿಲಿಗೋ ಒಲೆಯ ಹತ್ತಿರವೋ ಒಣಗಿಸಬೇಡಿರಿ, ಬಾವಿಗೂ ಎಸೆಯಬೇಡಿರಿ. ಬೇರೆಯಾಗಿಟ್ಟು ಠಾಣೆಯವರನ್ನು ಕೇಳಿ ಒಪ್ಪಿಸಿರಿ. ಬಂದೂಕೇ ಕೊಚ್ಚಿಹೋಗಿದ್ದರೆ ತಡಮಾಡದೆ ಠಾಣೆಯಲ್ಲಿ ಬರೆಯಿಸಿ ನಕಲು ಪಡೆಯಿರಿ. ನಾಳೆ ಅದು ಬೇರೊಬ್ಬರ ಕೈ ಸೇರಿದರೆ ನಿಮ್ಮನ್ನು ಕಾಯುವುದು ಆ ಕಾಗದವೇ.

ಮಿರಗ ಕೂಡುವ ಮುಂಚೆ ಕೂರಿಗೆ, ಕುಂಟೆ ಸರಿಪಡಿಸುತ್ತೇವಲ್ಲವೇ? ಅದೇ ವಾರದಲ್ಲಿ ಒಂದು ಹೊತ್ತು ತಿಜೋರಿಗೂ ಸಲ್ಲಲಿ.