ಮೈಯಲ್ಲಿ ಕರೆಂಟು, ಕೈಯಲ್ಲಿ ಕಡಗ

ಟೊರಾಂಟೊದ ನಾರ್ತ್ ಯಾರ್ಕಿನ ಕನ್ನಡಿಗರ ಮನೆಗಳಿಗೆ ಜನವರಿಯ ಹಿಮದೊಡನೆ ಬಂದಿಳಿಯುವ ನಂಬಿಕೆಯೊಂದುಂಟು: ಬಾಗಿಲ ಹಿಡಿಕೆಯನ್ನು ಮುಟ್ಟಿದೊಡನೆ ಯಾರ ಬೆರಳು ಚುಳ್ಳೆನ್ನುವುದೋ ಅವರ ಮೈಯಲ್ಲಿ ಕರೆಂಟು ಅತಿಯಾಗಿದೆ, ಅದನ್ನು ಹೀರಲು ತಾಮ್ರದ ಕಡಗ ತೊಡಬೇಕು. ಇಂಜಿನಿಯರಿಂಗ್ ಪದವೀಧರರೂ ಈ ಮಾತನ್ನು ಗಂಭೀರಮುದ್ರೆಯಿಂದ ಆಡುವುದನ್ನು ಕೇಳಿದಾಗ ನಗಬೇಕೋ ಮರುಗಬೇಕೋ ತಿಳಿಯದು.

ತಾಮ್ರವು ಉತ್ತಮ ವಾಹಕವೆಂಬುದೇನೋ ದಿಟ. ಆದರೆ ಒಯ್ಯುವುದಕ್ಕೆ ನೆಲದವರೆಗೆ ದಾರಿಯೊಂದು ಬೇಡವೆ? ಮಣಿಕಟ್ಟನ್ನು ಸುತ್ತಿ ಅಲ್ಲಿಯೇ ಕೊನೆಗಾಣುವ ಕಡಗವು ದೇಹದಷ್ಟೇ ವಿಭವಕ್ಕೇರಿ ಸುಮ್ಮನಿರುವುದಲ್ಲದೆ ವಿದ್ಯುದಾವೇಶವನ್ನು ಎಲ್ಲಿಗೂ ಸಾಗಿಸಲಾರದು. ಮಕ್ಕಳೇ ಇದನ್ನು ಪರೀಕ್ಷಿಸಬಹುದು. ಉಣ್ಣೆಯ ಕಾಲುಚೀಲ ತೊಟ್ಟು, ಕಾರ್ಪೆಟ್ಟಿನ ಮೇಲೆ ಕಾಲೆಳೆಯುತ್ತ ನಡೆದು, ದೀಪವಾರಿಸಿದ ಕೋಣೆಯಲ್ಲಿ ಕಡಗದ ಕೈಯಿಂದಲೇ ಲೋಹದ ಹಿಡಿಕೆಯನ್ನು ಮುಟ್ಟಲಿ: ನೀಲಿ ಕಿಡಿ ಎಂದಿನಂತೆಯೇ ಹಾರುವುದು, ಬೆರಳು ಎಂದಿನಂತೆಯೇ ಚುಳ್ಳೆನ್ನುವುದು. ಮತ್ತೊಮ್ಮೆ ಹಾಗೆಯೇ ನಡೆದು, ಮುಷ್ಟಿಯಲ್ಲಿ ಬಿಗಿಹಿಡಿದ ಬೀಗದ ಕೈಯ ತುದಿಯನ್ನು ತಾಗಿಸಲಿ: ಕಿಡಿ ಕಂಡರೂ ನೋವಿರದು, ಬೆರಳ ತುದಿಯ ಒಂದೇ ಬಿಂದುವಿನಲ್ಲಿ ನುಗ್ಗುತ್ತಿದ್ದ ಪ್ರವಾಹವು ಈಗ ಅಂಗೈಯಗಲಕ್ಕೆ ಹಂಚಿಹೋಗಿರುತ್ತದೆ.

ದೋಷವು ಮೈಯದಲ್ಲ, ಗಾಳಿಯದು. ಹೊರಗಿನ ಮೈನಸ್ 10 ಡಿಗ್ರಿಯ ಗಾಳಿಯನ್ನು ಫರ್ನೇಸು 21 ಡಿಗ್ರಿಗೆ ಕಾಯಿಸಿದಾಗ, ಬೇರೆ ತೇವ ಸೇರದಿದ್ದಲ್ಲಿ, ಅದರ ಸಾಪೇಕ್ಷ ಆರ್ದ್ರತೆಯು ಶೇಕಡ 12ರ ಆಚೆಗೆ ಹೋಗದು. ಅದೇ ಕಾಲುಚೀಲ, ಅದೇ ಮೈ, ಆಷಾಢದ ಮಂಗಳೂರಿನಲ್ಲಿ ಒಂದು ಕಿಡಿಯನ್ನೂ ಕಾಣಿಸದು.

ಉಳಿದ ಭ್ರಮೆಗಳಿಗೆ ಒಂದೊಂದು ವಾಕ್ಯ ಸಾಕು. ಬಲೂನನ್ನು ತಲೆಗೆ ಉಜ್ಜಿದರೆ ವಿದ್ಯುತ್ತು ಹುಟ್ಟುವುದಿಲ್ಲ, ಇದ್ದ ಇಲೆಕ್ಟ್ರಾನುಗಳು ಕೂದಲಿನಿಂದ ಬಲೂನಿಗೆ ವಲಸೆಹೋಗುತ್ತವೆ. ಸಾವಿರಾರು ವೋಲ್ಟೆಂದು ಬೆಚ್ಚಬೇಕಿಲ್ಲ, ಹರಿಯುವ ಆವೇಶ ಅತ್ಯಲ್ಪ. ಪೆಟ್ರೋಲಿನ ಆವಿಯ ಬಳಿ ಮಾತ್ರ ಎಚ್ಚರವಿರಲಿ. 1969ರಿಂದ 2024ರ ಜೂನ್‌ವರೆಗೆ ಡಾನ್ ಮಿಲ್ಸ್ ರಸ್ತೆಯಲ್ಲಿದ್ದ ಒಂಟಾರಿಯೊ ಸೈನ್ಸ್ ಸೆಂಟರಿನಲ್ಲಿ ವಾನ್ ಡಿ ಗ್ರಾಫ್ ಯಂತ್ರವನ್ನು ಮುಟ್ಟಿದವರ ಕೂದಲು ನಿಮಿರುತ್ತಿದ್ದುದು ಗಾಬರಿಯಿಂದಲ್ಲ, ಸಜಾತೀಯ ಆವೇಶಗಳ ವಿಕರ್ಷಣೆಯಿಂದ.

ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿಯನ್ನೇ ರಚಿಸಿದರು. ಆಹ್ವಾನಿತರಾದ ಸತ್ಯ ಸಾಯಿಬಾಬಾ ಬರಲಿಲ್ಲ. ಬಾಗಿಲ ಹಿಡಿಕೆಗಾದರೋ ಅಂತಹ ಬಿಗುಮಾನವಿಲ್ಲ, ದಿನವೂ ಪರೀಕ್ಷೆಗೆ ಸಿದ್ಧವಾಗಿ ನಿಂತಿದೆ. ಆದರೂ ಮೊದಲು ನಂಬಿ, ನಂಬಿದ್ದರಿಂದ ಕೊಂಡು, ಕೊಂಡದ್ದರಿಂದಲೇ ಸಮರ್ಥಿಸುವ ನಮ್ಮ ಅಭ್ಯಾಸವು ಸಾಗರ ದಾಟಿದರೂ ಸವೆದಿಲ್ಲ. ವಸಂತದಲ್ಲಿ ಗಾಳಿಗೆ ತೇವ ಮರಳಿ ಕಿಡಿ ತಾನಾಗಿ ನಿಂತಾಗ, ಕೀರ್ತಿಯೆಲ್ಲ ಕಡಗಕ್ಕೇ ಸಲ್ಲುವುದು.