ಹಳದಿ ಹೂವಿನ ಬೆನ್ನು

ಮೇ ತಿಂಗಳು ಕಾಲಿಡುತ್ತಲೇ ಇಂಗ್ಲೆಂಡಿನ ಹುಲ್ಲುಗಾವಲುಗಳನ್ನು ಆವರಿಸುವ ಹೊಳಪಿನ ಹಳದಿ ಹೂವನ್ನು ಆ ನಾಡಿನ ಜನ ಬಟರ್‌ಕಪ್ ಎಂದು ಕರೆದು ತೃಪ್ತರಾಗುವರಾದರೂ, ಆ ಒಂದು ಹೆಸರಿನ ಆಶ್ರಯದಲ್ಲಿ ಕಡೆಯಪಕ್ಷ ಮೂರು ಬೇರೆಬೇರೆ ಸಸ್ಯಜಾತಿಗಳು ಬಾಳುತ್ತಿವೆಯೆಂಬುದನ್ನು 1753ರಷ್ಟು ಹಿಂದೆಯೇ ಸಸ್ಯವಿಜ್ಞಾನಿ ಲಿನ್ನೇಯಸನು ತನ್ನ ಗ್ರಂಥದಲ್ಲಿ ದಾಖಲಿಸಿದನು. ರನನ್‌ಕ್ಯುಲಸ್ ಎಂಬ ಈ ಕುಲ ನಮಗೆ ತೀರ ಪರಕೀಯವೂ ಅಲ್ಲ. ನಮ್ಮ ಕರಿಜೀರಿಗೆಯೂ ಆಯುರ್ವೇದದ ವತ್ಸನಾಭಿಯೂ ಈ ಕುಲವನ್ನೊಳಗೊಂಡ ಕುಟುಂಬಕ್ಕೇ ಸೇರಿದವು.

ಈ ಮೂರನ್ನು ಬೇರ್ಪಡಿಸಬಯಸುವವನು ಮೊದಲು ಮಾಡಬೇಕಾದುದು ಬಣ್ಣವನ್ನು ಮರೆಯುವುದು. ಎಸಳಿನ ನಯವಾದ ಮೇಲ್ಪೊರೆ, ಅದರಡಿಯ ಗಾಳಿಯ ತೆಳುಪದರ, ಇನ್ನೂ ಕೆಳಗಿನ ಪಿಷ್ಟದ ಹಾಸು, ಇವೆಲ್ಲ ಕೂಡಿ ಬೆಳಕನ್ನು ಪ್ರತಿಫಲಿಸುವುದರಿಂದ ಹುಟ್ಟುವ ಆ ಕಾಂತಿ, ಆಂಗ್ಲ ಮಕ್ಕಳು ಹೂವನ್ನು ಗಲ್ಲದ ಕೆಳಗೆ ಹಿಡಿದು ಹಳದಿ ಛಾಯೆ ಮೂಡಿತೇ ಎಂದು ನೋಡಿ ನಲಿಯುವ ಆಟಕ್ಕೆ ಒದಗುವುದೇ ಹೊರತು ಜಾತಿನಿರ್ಣಯಕ್ಕೆ ಒದಗದು. ನೋಡಬೇಕಾದುದು ಹೂವಿನ ಬೆನ್ನು. ಎಸಳುಗಳಡಿಯ ಪುಷ್ಪಪಾತ್ರೆಯ ಭಾಗಗಳು ಹಿಂದಕ್ಕೆ ಮಡಿದು ತೊಟ್ಟಿಗೆ ಒತ್ತಿಕೊಂಡಿದ್ದು, ಬುಡದಲ್ಲಿ ಕಾಂಡ ಗಡ್ಡೆಯಂತೆ ಉಬ್ಬಿದ್ದರೆ ಅದು ಬಲ್ಬೋಸಸ್. ಅವು ಎಸಳಿಗಂಟಿಯೇ ಹರಡಿದ್ದರೆ ತೊಟ್ಟನ್ನು ಬೆರಳುಗಳ ನಡುವೆ ಹೊರಳಿಸಬೇಕು: ಉದ್ದುದ್ದಕ್ಕೆ ಗೀರುಗಳು ತಗುಲಿ, ಬುಡದಿಂದ ಹೊರಟ ಹಂಬುಗಳು ಗೆಣ್ಣುಗೆಣ್ಣಿಗೂ ಬೇರೂರಿ, ಎಲೆಯ ನಡುಪಾಲು ತನ್ನದೇ ಪುಟ್ಟ ತೊಟ್ಟಿನ ಮೇಲೆ ನಿಂತಿದ್ದರೆ ಅದು ರೆಪೆನ್ಸ್, ಗೀರಿಲ್ಲದೆ ದುಂಡಗಿದ್ದು, ಗಿಡ ಸೊಂಟದೆತ್ತರಕ್ಕೆ ಬೆಳೆದು, ಎಲೆ ಅಂಗೈಯಂತೆ ಆಳವಾಗಿ ಸೀಳಿದ್ದರೆ ಅದು ಏಕ್ರಿಸ್. ಗೀರು ಬಲ್ಬೋಸಸ್ಸಿಗೂ ಉಂಟಾದುದರಿಂದ ತೊಟ್ಟೊಂದನ್ನೇ ನಂಬಿ ತೀರ್ಮಾನಕ್ಕೆ ಬರಲಾಗದು.

ಇಷ್ಟೂ ಕೈಗೆ ಸಿಗುವ ಲಕ್ಷಣಗಳಾದವು. ನನ್ನ ಮಟ್ಟಿಗೆ ಇದಕ್ಕಿಂತ ರಸವತ್ತಾದುದು ನೆಲ ಹೇಳುವ ಸಾಕ್ಷ್ಯ. ಮಧ್ಯ ಇಂಗ್ಲೆಂಡಿನ ಹಳೆಯ ಗೋಮಾಳಗಳಲ್ಲಿ ಅಲೆಯಲೆಯಾಗಿ ಏರಿಳಿಯುವ ಉದ್ದನೆಯ ದಿಣ್ಣೆಗಳನ್ನೂ ಅವುಗಳ ನಡುವಣ ತಗ್ಗುಗಳನ್ನೂ ಇಂದಿಗೂ ಕಾಣಬಹುದು. ಮಧ್ಯಯುಗದ ಒಕ್ಕಲಿಗರು ಎತ್ತುಗಳನ್ನು ಕಟ್ಟಿ, ವರ್ಷವರ್ಷವೂ ಮಣ್ಣನ್ನು ಪಟ್ಟಿಯ ನಡುವಿಗೇ ಮಗುಚುತ್ತ ಉತ್ತುದರಿಂದ ಉಂಟಾದ ಈ ಆಕಾರ, ಮುಂದೆ ಆ ಹೊಲಗಳು ಹುಲ್ಲಿಗೆ ಬಿಟ್ಟುಹೋದುದರಿಂದ ಅಳಿಯದೆ ಉಳಿಯಿತು. ಹಾರ್ಪರ್ ಮತ್ತು ಸಗಾರ್ ಎಂಬ ವಿಜ್ಞಾನಿಗಳು 1953ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ನೆಲದ ಬಟರ್‌ಕಪ್‌ಗಳನ್ನು ಪರಿಶೀಲಿಸಿ, ನೀರು ಬೇಗ ಬಸಿದುಹೋಗುವ ದಿಣ್ಣೆಯ ನೆತ್ತಿಯಲ್ಲಿ ಬಲ್ಬೋಸಸ್, ಇಳಿಜಾರಿನಲ್ಲಿ ಏಕ್ರಿಸ್, ನೀರು ನಿಲ್ಲುವ ತಗ್ಗಿನಲ್ಲಿ ರೆಪೆನ್ಸ್ ಎಂಬಂತೆ ಅವು ನೆಲವನ್ನು ಹಂಚಿಕೊಂಡಿರುವುದನ್ನು ತೋರಿಸಿದರು. ನಾಲ್ಕು ಹೆಜ್ಜೆಯ ಅಂತರದಲ್ಲಿ ಮೂರು ಸಂಸಾರ! ಬಲ್ಬೋಸಸ್ ಬೇಸಗೆಯಲ್ಲಿ ಎಲೆಗಳನ್ನು ಕಳೆದು, ಉಬ್ಬಿದ ಬುಡವೊಂದನ್ನೇ ಮಣ್ಣಿನಲ್ಲಿಟ್ಟು, ಶರತ್ಕಾಲದಲ್ಲಿ ಮತ್ತೆ ಚಿಗುರುವ ಸಸ್ಯವೆಂಬುದನ್ನು ಬಲ್ಲವನಿಗೆ ಒಣ ದಿಣ್ಣೆಯ ವಾಸ ಅದಕ್ಕೆ ಹೇಗೆ ಒಗ್ಗಿತೆಂಬುದು ತಾನಾಗಿಯೇ ತಿಳಿಯುವುದು. ತೋಟಿಗರ ಶಾಪಕ್ಕೆ ಗುರಿಯಾಗಿರುವ ಕಳೆ ಮಾತ್ರ ಹಂಬಿನ ರೆಪೆನ್ಸ್. ಕಿತ್ತೆಸೆದರೂ ಉಳಿದ ತುಂಡಿನಿಂದ ಮತ್ತೆ ತಲೆಯೆತ್ತುತ್ತದೆ.

ಉಳಿದ ಬಂಧುಗಳನ್ನು ಗುರುತಿಸುವುದು ಇಷ್ಟು ಕಷ್ಟವಲ್ಲ. ಕೊಳ ಹೊಳೆಗಳಲ್ಲಿ ಬೆಳೆಯುವ ಬಗೆಗಳ ಹೂವು ಬಿಳಿದು. ಕೆಲವಕ್ಕೆ ನೀರಿನ ಮೇಲೆ ತೇಲುವ ಅಗಲದ ಎಲೆ ಬೇರೆ, ಒಳಗೆ ಮುಳುಗಿರುವ ನೂಲೆಳೆಯಂಥ ಎಲೆ ಬೇರೆ. ಚರಂಡಿಯಂಚಿನ ಕೆಸರಿನಲ್ಲಿ ಬೆಳೆಯುವ ಸ್ಕೆಲೆರೇಟಸ್ ಎಂಬ ಜಾತಿಯ ಪುಟ್ಟ ಹೂವು, ಉದ್ದನೆಯ ಕಾಯಿಗೊಂಚಲು ನಮ್ಮ ಉತ್ತರಭಾರತದ ನದೀತೀರಗಳಲ್ಲಿಯೂ ಕಾಣಸಿಗುತ್ತವೆ.

ಈ ಸೌಂದರ್ಯದ ಒಳಗೆ ವಿಷವಿದೆ. ಹಸಿ ಗಿಡವನ್ನು ಜಜ್ಜಿದೊಡನೆ ಉಂಟಾಗುವ ಪ್ರೋಟೋಅನೆಮೋನಿನ್ ಎಂಬ ರಾಸಾಯನಿಕ ಚರ್ಮದ ಮೇಲೆ ಬೊಬ್ಬೆಯೆಬ್ಬಿಸುತ್ತದೆ, ದನದ ಬಾಯನ್ನು ಸುಡುತ್ತದೆ. ಆದುದರಿಂದಲೇ ಮೇವು ಸಾಕಷ್ಟಿರುವ ಗೋಮಾಳದಲ್ಲಿ ದನಗಳು ಸುತ್ತಣ ಹುಲ್ಲನ್ನು ಮೇದು ಈ ಗಿಡಗಳನ್ನು ಬಿಟ್ಟುಬಿಡುವುವು. ಒಣಗಿದ ಮೇಲೆ ಆ ವಿಷ ನಿರುಪದ್ರವಿಯಾಗಿ ಮಾರ್ಪಡುವುದರಿಂದ ಒಣಹುಲ್ಲಿನಲ್ಲಿ ಅದರ ಭಯವಿಲ್ಲ.

ಕಡಲು ದಾಟಲಾರದ ಕನ್ನಡಿಗನೂ ನಿರಾಶನಾಗಬೇಕಾದುದಿಲ್ಲ. ಮೂತ್ರಪಿಂಡದಾಕಾರದ ಎಲೆಯ ರೆನಿಫಾರ್ಮಿಸ್ ಎಂಬ ಜಾತಿ ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿ ಬೆಳೆಯುತ್ತದೆ. ಅಲ್ಲಿಗೆ ಹೋದವರು ಹೂವನ್ನು ಕೀಳದೆ, ಮೊಣಕಾಲೂರಿ ಕುಳಿತು, ಅದರ ಬೆನ್ನನ್ನೂ ಬುಡವನ್ನೂ ಅದು ನಿಂತ ನೆಲದ ತೇವವನ್ನೂ ನೋಡಿ ಬರಲಿ.