ತೋಟ ಬಿಟ್ಟು ಮೂರು ರಾತ್ರಿ ಕಡಲ ಮೇಲೆ

ನಮ್ಮ ಸಂಘದ ವಾರ್ತಾಪತ್ರದಲ್ಲಿ ಸಾಮಾನ್ಯವಾಗಿ ಕೊಳೆರೋಗ, ಗೊಬ್ಬರ, ಧಾರಣೆಗಳ ವಿಚಾರವೇ ಬರುತ್ತದೆ. ಈ ಬಾರಿ ನಾನು ಪ್ರವಾಸದ ವಿಷಯ ಬರೆಯಲು ಹೊರಟಿದ್ದೇನೆ. ಬೆಳೆಗಾರ ಬಂಧುಗಳು ಮನ್ನಿಸಬೇಕು. ಓದಿ ಮುಗಿಸಿದ ಮೇಲೆ ಇದೂ ತೋಟದ ವಿಷಯವೇ ಎಂದು ತಮಗೆ ಅನಿಸಿದರೆ ನನ್ನ ಶ್ರಮ ಸಾರ್ಥಕ.

ನಮ್ಮೂರು ರಾಣೆಬೆನ್ನೂರು ತಾಲ್ಲೂಕಿನ ಐರಣಿ, ತುಂಗಭದ್ರೆಯ ದಂಡೆ. ಮಲೆನಾಡಿನ ಸದಸ್ಯರಂತೆ ನಮಗೆ ಕಾಫಿ ಇಲ್ಲ. ಇರುವುದು ಎರಡೂವರೆ ಎಕರೆ ಅಡಿಕೆ, ಬದುವಿನಲ್ಲಿ ನಾಲ್ಕು ತೆಂಗು. ನನ್ನ ಶ್ರೀಮತಿಯ ತವರು ಹೊಳೆಯ ಆಚೆ ದಂಡೆಯಲ್ಲಿದೆ. ಮದುವೆಯಾದ ಹೊಸತರಲ್ಲಿ ಹರಿಗೋಲಿನಲ್ಲಿ ಕೂತು ದಾಟುವಾಗ ಆಕೆ, “ಕಡಲು ಇದಕಿಂತ ಎಷ್ಟು ದೊಡ್ಡದ್ರೀ?” ಎಂದು ಕೇಳಿದ್ದಳು. “ಬರೋ ವರ್ಷ ತೋರಸ್ತೀನಿ” ಅಂದಿದ್ದೆ. ಅದು 1991ನೇ ಇಸವಿ.

ಆ ‘ಬರೋ ವರ್ಷ’ ಬರಲೇ ಇಲ್ಲ. ಸಸಿ ನೆಟ್ಟ ವರ್ಷ ನೀರು ಹಾಯಿಸಲು ಬೇರೆ ಕೈ ಇರಲಿಲ್ಲ. 2016ರ ಬರದಲ್ಲಿ ಬೋರು ಬತ್ತಿತು. 2019ರ ಆಗಸ್ಟಿನಲ್ಲಿ ಹೊಳೆ ತೋಟಕ್ಕೇ ಬಂತು. 2020ರಲ್ಲಿ ಕೊರೊನಾ. ಇವೆಲ್ಲ ನಿಜವಾದ ತೊಂದರೆಗಳೇ. ಆದರೆ ತೊಂದರೆ ಇಲ್ಲದ ವರ್ಷಗಳೂ ಇದ್ದವು, ಆಗಲೂ ನಾವು ಹೋಗಲಿಲ್ಲ. ಈಚೆಗೆ ಶ್ರೀಮತಿಗೆ ಮೊಣಕಾಲು ನೋವು ಹೆಚ್ಚಾಯಿತು. ಹುಬ್ಬಳ್ಳಿಯಲ್ಲಿರುವ ಮಗಳು, “ಅಪ್ಪಾ, ಇನ್ನೆರಡು ವರ್ಷ ಹೋದ್ರ ಅವ್ವಗ ಮೆಟ್ಟಿಲು ಹತ್ತಾಕ ಆಗೂದಿಲ್ಲ” ಎಂದವಳೇ, ನನ್ನನ್ನು ಕೇಳದೆ ಹಡಗಿನ ಟಿಕೆಟು ತೆಗೆಸಿಬಿಟ್ಟಳು. 2024ರ ಫೆಬ್ರುವರಿ, ಮುಂಬಯಿಯಿಂದ ಗೋವೆಗೆ ಹೋಗಿ ಮರಳುವ ಪ್ರಯಾಣ, ಮೂರು ರಾತ್ರಿ.

ಫೆಬ್ರುವರಿ ಎಂದರೆ ಕೊಯ್ಲು ಮುಗಿದು ನೀರಿನ ಚಿಂತೆ ಶುರುವಾಗುವ ಕಾಲ. ತ್ರೀಫೇಸ್ ಕರೆಂಟು ಯಾವ ಹೊತ್ತಿಗೆ ಬರುತ್ತದೆಯೋ, ಆ ಹೊತ್ತಿಗೆ ಎದ್ದು ಮೋಟಾರು ಹಾಕಬೇಕು. ಪಕ್ಕದ ತೋಟದವರಿಗೆ ಹಿಂಜರಿಯುತ್ತಲೇ ವಿಷಯ ಹೇಳಿದೆ. ಅವರು, “ಮುಯ್ಯಿ ಅಂತ ತಿಳಕೊ, ಹೋಗಿ ಬಾ” ಎಂದು ಬೀಗದ ಕೈ ಇಸಿದುಕೊಂಡರು. ಇಷ್ಟು ಸುಲಭದ ಮಾತನ್ನು ಮೂವತ್ತು ವರ್ಷ ನಾನು ಕೇಳಿಯೇ ಇರಲಿಲ್ಲ!

ಹಡಗೋ, ಊರೋ?

ನಾವು ಹತ್ತಿದ್ದು ಕೊರ್ಡೇಲಿಯಾ ಸಂಸ್ಥೆಯ ‘ಎಂಪ್ರೆಸ್’ ಹಡಗು. ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿದ್ದು, 1990ರಲ್ಲಿ ‘ನಾರ್ಡಿಕ್ ಎಂಪ್ರೆಸ್’ ಹೆಸರಿನಲ್ಲಿ ಕಡಲಿಗಿಳಿದದ್ದು. ನಮ್ಮ ಸಂಸಾರಕ್ಕಿಂತ ಒಂದೇ ವರ್ಷ ಹಿರಿದು. 2021ರ ಸೆಪ್ಟೆಂಬರಿನಿಂದ ನಮ್ಮ ದೇಶದ ಪ್ರವಾಸಿಗರನ್ನು ಒಯ್ಯತೊಡಗಿತು. ಉದ್ದ 211 ಮೀಟರ್. 9 ಅಡಿ ಅಂತರದಲ್ಲಿ ಅಡಿಕೆ ನೆಟ್ಟರೆ ಒಂದೇ ಸಾಲಿಗೆ 77 ಗಿಡ ಹಿಡಿಸೀತು! ಒಂದೂವರೆ ಸಾವಿರಕ್ಕೂ ಹೆಚ್ಚು ಪ್ರಯಾಣಿಕರಿಗೆ ಇದರಲ್ಲಿ ಜಾಗವಿದೆ. ಹೀಗಿದ್ದೂ ಇದು ದೊಡ್ಡ ಹಡಗುಗಳ ಸಾಲಿನಲ್ಲಿ ಚಿಕ್ಕದೇ. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದ ಸೀಸ್’ ಸುಮಾರು 365 ಮೀಟರ್ ಉದ್ದ, 20 ಅಂತಸ್ತು.

ಹತ್ತಿದೊಡನೆ ಮೊದಲ ಕೆಲಸ ಅಪಾಯದ ಪಾಠ. ಏಳು ಸಲ ಗಿಡ್ಡ, ಒಂದು ಸಲ ಉದ್ದ ಸದ್ದು ಕೇಳಿದರೆ ಗೊತ್ತುಪಡಿಸಿದ ಜಾಗಕ್ಕೆ ಹೋಗಿ ಸೇರಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ದೇಶಗಳು ಸೇರಿ ಕಡಲ ಸುರಕ್ಷತೆಯ ಒಪ್ಪಂದ ಮಾಡಿಕೊಂಡವು. ಇಂಥ ಕಟ್ಟುಪಾಡುಗಳೆಲ್ಲ ಅಲ್ಲಿಂದ ಬೆಳೆದು ಬಂದವು. ಶ್ರೀಮತಿ ಮನಸ್ಸಿಟ್ಟು ಕೇಳಿದಳು. ಹರಿಗೋಲಿನಲ್ಲಿ ಕೂತವರಿಗೆ ನೀರಿನ ಭಯ ಹೇಳಿಕೊಡಬೇಕಿಲ್ಲ.

ನಮ್ಮ ಕೋಣೆ ಬಹಳ ತಣ್ಣಗಿತ್ತು. ಮಗಳು ನಗುತ್ತಿದ್ದರೂ ಬಿಡದೆ ತಂದಿದ್ದ ನಮ್ಮ ಕಡೆಯ ಕುರಿ ಉಣ್ಣೆಯ ಕಂಬಳಿ ಆ ರಾತ್ರಿ ಕೆಲಸಕ್ಕೆ ಬಂತು. ನನಗೆ ಸ್ವಲ್ಪ ತಲೆ ಸುತ್ತಿತು, ಆಕೆಗೆ ಏನೂ ಆಗಲಿಲ್ಲ.

ಬಡಿಸಿದ ಊಟ

ಊಟದ ಮನೆಯಲ್ಲಿ ಶ್ರೀಮತಿ ಮೊದಲ ದಿನ ಸರಿಯಾಗಿ ಉಣ್ಣಲಿಲ್ಲ. ಸಸ್ಯಾಹಾರಕ್ಕೆ ಕೊರತೆ ಇರಲಿಲ್ಲ. ಆದರೆ ಯಾರೋ ಬಡಿಸುತ್ತಾರೆ, ಯಾರೋ ತಟ್ಟೆ ಎತ್ತುತ್ತಾರೆ ಎಂಬುದೇ ಆಕೆಗೆ ಸಂಕೋಚ. ತಟ್ಟೆ ತಾನೇ ಎತ್ತಲು ಹೋದಳು. “ಇಷ್ಟು ಮಂದಿಗೆ ಅಡಗಿ ಯಾರ ಮಾಡ್ತಾರ, ಅವರು ಯಾವಾಗ ಉಣ್ತಾರ?” ಎಂಬುದೇ ಆಕೆಯ ಚಿಂತೆ. ಎರಡನೆಯ ದಿನ ಬಿಸಿ ಊಟವನ್ನು ಬಿಸಿಯಾಗಿಯೇ ಉಂಡು ಮುಗಿಸಿ, ಒಂದು ಮಾತು ಹೇಳಿದಳು: “ಮದುವಿ ಆದಾಗಿಂದ ನಾನು ಮೊದಲನೇ ಪಂಕ್ತಿಗೆ ಕೂತದ್ದು ಇದೇ ಮೊದಲು.” ನನಗೆ ಉತ್ತರ ತೋಚಲಿಲ್ಲ. ಕೊಯ್ಲಿನ ದಿನಗಳಲ್ಲಿ ಆಳುಗಳಿಗೆ, ನಮಗೆ, ಬಂದವರಿಗೆ ಬಡಿಸಿ ಕಡೆಗೆ ಆಕೆ ಉಂಡದ್ದನ್ನು ಪ್ರತಿ ವರ್ಷ ಕಂಡಿದ್ದೇನೆ. ಲೆಕ್ಕಪತ್ರದಲ್ಲಿ ಸುಲಿತದ ಕೂಲಿ, ಬೇಯಿಸಿದ ಸೌದೆ ಎಲ್ಲ ಬರೆದಿದ್ದೇನೆ. ಆಕೆಯ ದುಡಿಮೆಯ ಕಾಲಮ್ಮು ಮಾತ್ರ ಇಲ್ಲ.

ನಮ್ಮ ಕೋಣೆ ಗುಡಿಸುತ್ತಿದ್ದ ಹುಡುಗ ಕನ್ನಡದವನೇ, ಕರಾವಳಿಯ ಕಡೆಯವನು. ಒಮ್ಮೆ ಹಡಗು ಹತ್ತಿದರೆ ತಿಂಗಳುಗಟ್ಟಲೆ ಮನೆ ಕಾಣುವಂತಿಲ್ಲ. ಅವರಿಗೂ ಒಂದು ಸಣ್ಣ ಅಡಿಕೆ ತೋಟ ಇದೆಯಂತೆ. ತಂದೆಗೆ ಮರ ಹತ್ತಲಾಗದು, ಔಷಧಿ ಹೊಡೆಯಲು ಸಮಯಕ್ಕೆ ಆಳು ಸಿಗುವುದಿಲ್ಲ ಎಂದ. ನಾವು ತೋಟ ಬಿಟ್ಟು ಮೂರು ರಾತ್ರಿಗೆ ಬಂದವರು, ಅವನು ತೋಟ ಬಿಟ್ಟೇ ಬಂದವನು. ಶ್ರೀಮತಿ ತಾನು ತಂದಿದ್ದ ಶೇಂಗಾ ಹೋಳಿಗೆ, ಚಟ್ನಿಪುಡಿಯನ್ನೆಲ್ಲ ಅವನಿಗೇ ಕಟ್ಟಿಕೊಟ್ಟಳು.

ಸಂಜೆ ಮೇಲಟ್ಟದಲ್ಲಿ ನಿಂತಾಗ ದೂರದಲ್ಲಿ ಒಂದು ಸರಕು ಹಡಗು ಕಂಡಿತು. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ರಾಜ್ಯದ್ದು. ಅದರಲ್ಲಿ ಹೆಚ್ಚಿನದು ಹೊರದೇಶಕ್ಕೆ ಹೋಗುವುದೂ ಇದೇ ಕಡಲ ದಾರಿಯಲ್ಲಿ. ಚಿಕ್ಕಮಗಳೂರು, ಕೊಡಗಿನ ಸದಸ್ಯರ ಬೆಳೆ ನೋಡಿದಷ್ಟು ಲೋಕವನ್ನು ಬೆಳೆದವರು ನೋಡಿಲ್ಲವಲ್ಲ ಎನಿಸಿತು. ಶ್ರೀಮತಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. “ಆಚಿ ದಂಡಿನ ಕಾಣೂದಿಲ್ಲಲ್ರೀ” ಎಂದಳು, ಅಷ್ಟೇ.

ಹೋಗುವವರಿಗೆ ನಾಲ್ಕು ಮಾತು

ರೈಲು, ಹಡಗು ಎಲ್ಲ ಸೇರಿ ಖರ್ಚು ಎರಡು ಕ್ವಿಂಟಲ್ ರಾಶಿ ಅಡಿಕೆಯ ಬೆಲೆಗೆ ತುಸು ಕಡಿಮೆ. ಸಣ್ಣ ಹಣವಲ್ಲ. ಟಿಕೆಟಿನಲ್ಲಿ ಊಟ ಸೇರಿದೆ, ಕೆಲವು ವಿಶೇಷ ತಿಂಡಿ, ಪಾನೀಯಕ್ಕೆ ಬೇರೆ ಹಣ. ಮೊದಲೇ ಕೇಳಿಕೊಳ್ಳಿ. ಮಳೆಗಾಲದ ಕಡಲು ಒರಟು, ಚಳಿಗಾಲವೇ ಲೇಸು. ಹಡಗಿನ ನಡುಭಾಗದ, ಕೆಳ ಅಂತಸ್ತಿನ ಕೋಣೆಯಲ್ಲಿ ತೂಗಾಟ ಕಡಿಮೆ. ವೈದ್ಯರನ್ನು ಕೇಳಿ ವಾಂತಿಯ ಮಾತ್ರೆ ಇಟ್ಟುಕೊಳ್ಳಿ. ಗುರುತಿನ ಚೀಟಿ ಮರೆಯಬೇಡಿ. ನಡುಗಡಲಲ್ಲಿ ಫೋನು ಹತ್ತುವುದಿಲ್ಲ, ಆದ್ದರಿಂದ ಮೋಟಾರಿನ ಚಿಂತೆ ಮಾಡಿಯೂ ಫಲವಿಲ್ಲ.

ಊರಿಗೆ ಬಂದಾಗ ತೋಟದಲ್ಲಿ ಒಂದು ಹನಿ ನೀರಾವರಿ ಪೈಪು ಒಡೆದಿತ್ತು, ನೆರೆಯವರು ಅದನ್ನೂ ಜೋಡಿಸಿದ್ದರು. ಒಂದು ಗಿಡವೂ ಬಾಡಿರಲಿಲ್ಲ. ಬರುವ ಚಳಿಗಾಲಕ್ಕೆ ಅವರ ಬೀಗದ ಕೈ ನನ್ನ ಹತ್ತಿರ ಇರುತ್ತದೆ.

ಸಂಘದವರಲ್ಲಿ ನನ್ನದೊಂದು ವಿನಂತಿ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಮಾಡಿಕೊಂಡು ಬಂದವರು ನಾವು. ತೋಟ ಕಾಯುವುದಕ್ಕೂ ಊರೂರಲ್ಲಿ ಹಾಗೆ ಜೋಡಿ ಮಾಡಿಕೊಂಡರೆ ಏನು ತಪ್ಪು? ಹಡಗೇ ಆಗಬೇಕೆಂದಿಲ್ಲ, ಮಲ್ಪೆಯ ದಂಡೆಯಾದರೂ ಸಾಕು. ಆದರೆ ಮನೆಯವರನ್ನು ಕರೆದುಕೊಂಡು ಹೋಗಿ, ಮೊಣಕಾಲು ಗಟ್ಟಿ ಇರುವಾಗಲೇ ಹೋಗಿ.